ತ್ರಾಪಿಜ್ಯದ ಒಳಗೆ ಸಮಾಂತರ ಚತುರ್ಭುಜ ಬರುತ್ತಾ, ಇಲ್ವಾ? ಚಾರ್ಟಿಗೆ ಬೇಕು

ಚಾರ್ಟ್_ಹಾಳೆ (ಮೈಸೂರು):
8ನೇ ತರಗತಿಗೆ ಚತುರ್ಭುಜಗಳ ವರ್ಗೀಕರಣ ಒಂದೇ ಡ್ರಾಯಿಂಗ್ ಹಾಳೆಯಲ್ಲಿ ಹಿಡಿಯೋ ಹಾಗೆ ಚಾರ್ಟ್ ಮಾಡ್ತಾ ಇದೀನಿ. ಕೆಳಗಿನ ಅರ್ಧ ಸಲೀಸು. ಸಮಾಂತರ ಚತುರ್ಭುಜದಿಂದ ಆಯತಕ್ಕೊಂದು ಗೆರೆ, ವಜ್ರಾಕೃತಿಗೊಂದು ಗೆರೆ, ಅವೆರಡೂ ಬಂದು ವರ್ಗದಲ್ಲಿ ಕೂಡ್ತವೆ. ಸಿಕ್ಕು ಇರೋದು ಮೇಲುಗಡೆ. ಒಂದು ಗೈಡ್‌ನಲ್ಲಿ ತ್ರಾಪಿಜ್ಯ ಅಂದ್ರೆ "ಒಂದು ಜೊತೆ ಅಭಿಮುಖ ಬಾಹುಗಳು ಮಾತ್ರ ಸಮಾಂತರ" ಅಂತಿದೆ. ಇನ್ನೊಂದರಲ್ಲಿ ಆ "ಮಾತ್ರ" ಇಲ್ಲ. ಅದೊಂದು ಪದ ಇದ್ರೆ ಗೆರೆ ಒಂದು ಥರ, ಇಲ್ದಿದ್ರೆ ಇನ್ನೊಂದು ಥರ. ಗಾಳಿಪಟದ ಕಥೆಯೂ ಅಷ್ಟೇ, ವಜ್ರಾಕೃತಿ ಅದರೊಳಗೆ ಬರುತ್ತಾ? ಕಾರಣ ಸಮೇತ ಹೇಳಿ, "ನಮ್ ಕಾಲದಲ್ಲಿ ಹೀಗಿತ್ತು" ಬೇಡ.

ಮಂಡ್ಯ_ಮೇಷ್ಟ್ರು:
ಹೊರಗೆ ಹಾಕಿ, ಸುಮ್ನೆ ತಲೆನೋವು ಯಾಕೆ. ಸಮಾಂತರ ಒಂದು ಜೊತೆ ಇದ್ರೆ ತ್ರಾಪಿಜ್ಯ, ಎರಡು ಜೊತೆ ಇದ್ರೆ ಸಮಾಂತರ ಚತುರ್ಭುಜ, ಒಂದೂ ಇಲ್ಲ ಅಂದ್ರೆ ಉಳಿದದ್ದು. ಮೂರು ಡಬ್ಬ. ಒಂದು ಆಕೃತಿ ಒಂದೇ ಡಬ್ಬದಲ್ಲಿ ಇರ್ತದೆ. ಆಯತ ತೋರ್ಸಿ ಇದು ತ್ರಾಪಿಜ್ಯ ಅಂದ್ರೆ ಮಕ್ಳು ನಗ್ತವೆ.

ಶೃಂಗಬಿಂದು:
ನಗಲಿ ಬಿಡಿ. ವರ್ಗ ತೋರಿಸಿ ಇದು ಆಯತ ಅಂದಾಗಲೂ ನಗ್ತವೆ, ಅದನ್ನ ನೀವು ಕಲಿಸ್ತೀರಲ್ಲ?

ಒಳಗೇ ಹಾಕಬೇಕು. ತ್ರಾಪಿಜ್ಯಕ್ಕೆ ಸಾಧಿಸಿದ್ದು ಏನೇನಿದೆ ನೋಡಿ. ಓರೆ ಬಾಹುವಿನ ಎರಡು ತುದಿಯ ಕೋನಗಳ ಮೊತ್ತ 180 ಡಿಗ್ರಿ. ಓರೆ ಬಾಹುಗಳ ಮಧ್ಯಬಿಂದುಗಳನ್ನ ಸೇರಿಸಿದ ಗೆರೆ ಸಮಾಂತರ ಬಾಹುಗಳಿಗೆ ಸಮಾಂತರ, ಉದ್ದ ಅವುಗಳ ಮೊತ್ತದ ಅರ್ಧ. ಕರ್ಣಗಳು ಒಂದನ್ನೊಂದು ಒಂದೇ ಅನುಪಾತದಲ್ಲಿ ಕತ್ತರಿಸ್ತವೆ. ವಿಸ್ತೀರ್ಣ = ಅರ್ಧ × ಎತ್ತರ × ಸಮಾಂತರ ಬಾಹುಗಳ ಮೊತ್ತ. ಇದರಲ್ಲಿ ಸಮಾಂತರ ಚತುರ್ಭುಜಕ್ಕೆ ಒಪ್ಪದಿರೋದು ಯಾವುದು? ಒಂದೂ ಇಲ್ಲ. ಕರ್ಣದ ಅನುಪಾತ 1:1 ಆಗುತ್ತೆ, ಅಷ್ಟೇ. ಮೇಲಿನದಕ್ಕೆ ಒಂದು ಸಲ ಸಾಧಿಸಿದ್ರೆ ಕೆಳಗಿನ ಎಲ್ಲದಕ್ಕೂ ಪುಕ್ಕಟೆ ಸಿಗ್ತದೆ. ಡಬ್ಬ ಬೇರೆ ಮಾಡಿದ್ರೆ ಅದೇ ಸಾಧನೆ ಎರಡು ಸಲ ಬರೀಬೇಕು.

ಇನ್ನು ಪುಸ್ತಕದ ಮಾತು ಬೇಕು ಅಂದ್ರೆ, ಎನ್‌ಸಿಇಆರ್‌ಟಿಯ ಹಳೇ 8ನೇ ತರಗತಿ ಪುಸ್ತಕದ ಅಭ್ಯಾಸ 3.4ರಲ್ಲಿ "ಎಲ್ಲಾ ವರ್ಗಗಳೂ ತ್ರಾಪಿಜ್ಯಗಳು, ಸರಿಯೋ ತಪ್ಪೋ" ಅಂತಲೇ ಒಂದು ಪ್ರಶ್ನೆ ಇದೆ. ಉತ್ತರ ಸರಿ.

ವಿಸಿ_ನಾಲೆ (ಮಂಡ್ಯ):
ನಾಲೆ ಲೆಕ್ಕದಲ್ಲಿ ಈ ಜಗಳವೇ ಇಲ್ಲ. ಮಣ್ಣಿನ ನಾಲೆ ಅಡ್ಡ ಸೀಳಿದ್ರೆ ತ್ರಾಪಿಜ್ಯ. ತಳದ ಅಗಲ 3 ಮೀಟರ್, ನೀರಿನ ಆಳ 1.5 ಮೀಟರ್, ಪಕ್ಕದ ಇಳಿಜಾರು 1.5ಕ್ಕೆ 1 (ಒಂದು ಮೀಟರ್ ಮೇಲೇರಿದ್ರೆ ಒಂದೂವರೆ ಮೀಟರ್ ಹೊರಕ್ಕೆ) ಅಂತಿಟ್ಕೊಳ್ಳಿ. ನೀರಿನ ಮೇಲ್ಮೈ ಅಗಲ 3 + 2 × 1.5 × 1.5 = 7.5 ಮೀಟರ್. ವಿಸ್ತೀರ್ಣ (3 + 7.5) ÷ 2 × 1.5 = 7.875 ಚದರ ಮೀಟರ್. ಈಗ ಅದೇ ನಾಲೆ ಕಾಂಕ್ರೀಟ್ ಗೋಡೆ ಕಟ್ಟಿ ನೆಟ್ಟಗೆ ನಿಲ್ಲಿಸಿದ್ರೆ ಇಳಿಜಾರು ಸೊನ್ನೆ. ಅದೇ ಸೂತ್ರಕ್ಕೆ ಸೊನ್ನೆ ಹಾಕಿ: ಮೇಲಿನ ಅಗಲ 3, ವಿಸ್ತೀರ್ಣ 4.5. ಸೂತ್ರ ಏನೂ ತಕರಾರು ಮಾಡ್ಲಿಲ್ಲ. ಇಳಿಜಾರು ಸೊನ್ನೆ ಆದ ಕೂಡ್ಲೇ "ಇದು ತ್ರಾಪಿಜ್ಯ ಅಲ್ಲ, ಬೇರೆ ಸೂತ್ರ ತಗೊಂಡು ಬಾ" ಅನ್ನೋಕಾಗುತ್ತಾ?

ಒಂದ್ನಿಮಿಷ:
ಮೇಷ್ಟ್ರೇ, 2–0 😄

ಮಂಡ್ಯ_ಮೇಷ್ಟ್ರು:
ತಡೀರಪ್ಪ. ಒಳಗೆ ಹಾಕಿದ್ರಿ, ಸರಿ. ಸಮದ್ವಿಬಾಹು ತ್ರಾಪಿಜ್ಯಕ್ಕೆ ಏನ್ ಹೇಳ್ತೀರಿ? ಎಲ್ಲಾ ಪುಸ್ತಕದಲ್ಲೂ "ಸಮಾಂತರವಲ್ಲದ ಬಾಹುಗಳು ಸಮ" ಅಂತಲೇ ಇರೋದು. ನಿಮ್ ಲೆಕ್ಕದಲ್ಲಿ "ಸಮಾಂತರವಲ್ಲದ" ಅನ್ನೋದನ್ನ ತೆಗೀಬೇಕು. ತೆಗೆದ್ರೆ ಪ್ರತಿ ಸಮಾಂತರ ಚತುರ್ಭುಜವೂ ಸಮದ್ವಿಬಾಹು ತ್ರಾಪಿಜ್ಯ ಆಗ್ಬುಡ್ತದೆ, ಯಾಕಂದ್ರೆ ಆ ಇನ್ನೊಂದು ಜೊತೆ ಬಾಹುಗಳೂ ಸಮವೇ. ಆಮೇಲೆ "ಸಮದ್ವಿಬಾಹು ತ್ರಾಪಿಜ್ಯದ ಕರ್ಣಗಳು ಸಮ" ಅಂತ ಪ್ರಮೇಯ ಬರೀತೀರಿ. ಓರೆಯಾದ ಸಮಾಂತರ ಚತುರ್ಭುಜದ ಕರ್ಣಗಳು ಸಮವಾ? ಪುಕ್ಕಟೆ ಸಿಗ್ತದೆ ಅಂದ್ರಲ್ಲ, ಇದು ಪುಕ್ಕಟೆ ಸಿಕ್ಕಿದ್ದ?

ಶೃಂಗಬಿಂದು:
ಇದು ಒಳ್ಳೆ ಪೆಟ್ಟು, ಒಪ್ಕೋತೀನಿ. ಒಳಗೆ ಸೇರಿಸಿಕೊಳ್ಳೋ ಪಕ್ಷ ಹಿಡಿದವರು ಇಲ್ಲೇ ಎಡವೋದು. ಪರಿಹಾರ: ಸಮದ್ವಿಬಾಹು ತ್ರಾಪಿಜ್ಯವನ್ನ ಬಾಹುವಿಂದ ಹೇಳಬಾರದು, ಕೋನದಿಂದ ಹೇಳಬೇಕು. "ಒಂದು ಸಮಾಂತರ ಬಾಹುವಿನ ಎರಡೂ ತುದಿಯ ಕೋನಗಳು ಸಮ" ಅನ್ನಿ. ಆಗ ಓರೆ ಸಮಾಂತರ ಚತುರ್ಭುಜ (ಒಂದು ತುದಿ 70, ಇನ್ನೊಂದು 110) ತಾನಾಗೇ ಹೊರಗೆ ಹೋಗುತ್ತೆ. ಆಯತ (90, 90) ಒಳಗೆ ಉಳಿಯುತ್ತೆ, ಅದರ ಕರ್ಣಗಳೂ ಸಮ. ಪ್ರಮೇಯ ಬಚಾವ್.

ಚಾರ್ಟ್ ಮಾಡೋರಿಗೆ: ಅಂದ್ರೆ ಸಮದ್ವಿಬಾಹು ತ್ರಾಪಿಜ್ಯದಿಂದ ಆಯತಕ್ಕೂ ಒಂದು ಗೆರೆ ಬರಬೇಕು. ಹೆಚ್ಚಿನ ಚಾರ್ಟ್‌ಗಳಲ್ಲಿ ಬಿಟ್ಟುಹೋಗೋದು ಅದೇ.

ಚಾರ್ಟ್_ಹಾಳೆ:
ಅಯ್ಯೋ, ಬಿಟ್ಟಿದ್ದೆ. ಹಾಕ್ತೀನಿ. ಗಾಳಿಪಟ?

ಒಂದ್ನಿಮಿಷ:
ಗಾಳಿಪಟಕ್ಕೆ ಗಾಳಿಪಟವನ್ನೇ ನೋಡಿ. ಆಷಾಢದಲ್ಲಿ ಅಂಗಡೀಲಿ ತೂಗುಹಾಕಿರ್ತಾರಲ್ಲ, ಅದು ಚೌಕದ ಕಾಗದವನ್ನ ಮೂಲೆ ಮೇಲೆ ನಿಲ್ಲಿಸಿದ್ದು. ಒಂದು ಕರ್ಣಕ್ಕೆ ನೆಟ್ಟಗಿನ ಕಡ್ಡಿ, ಇನ್ನೊಂದರ ಕಡೆ ಬಿಲ್ಲಿನ ಥರ ಬಾಗಿಸಿದ ಕಡ್ಡಿ, ಕೆಳಗೆ ಬಾಲಂಗೋಚಿ. ಪುಸ್ತಕದಲ್ಲಿರೋ ಉದ್ದ ಬಾಲದ ಆಕೃತಿ ನಮ್ಮೂರ ಆಕಾಶದಲ್ಲಿ ಕಾಣೋದೇ ಅಪರೂಪ. ವಜ್ರಾಕೃತಿ ಗಾಳಿಪಟ ಅಲ್ಲ ಅಂದ್ರೆ ಹಾರ್ತಾ ಇರೋದಕ್ಕೆ ಬೇರೆ ಹೆಸರಿಡಬೇಕು.

ಶೃಂಗಬಿಂದು:
ಮಜಾ ಏನಂದ್ರೆ, ಗಾಳಿಪಟವೂ ಹೌದು, ತ್ರಾಪಿಜ್ಯವೂ ಹೌದು ಅನ್ನೋ ಆಕೃತಿ ಇದ್ರೆ ಅದು ವಜ್ರಾಕೃತಿ ಆಗಲೇಬೇಕು. ಅಬಕಡ ಗಾಳಿಪಟ, ಅಬ = ಅಡ, ಕಬ = ಕಡ, ಜೊತೆಗೆ ಅಬ ಸಮಾಂತರ ಡಕ ಅಂತಿರಲಿ. ಕರ್ಣ ಅಕ ಎಳೀರಿ. ಪರ್ಯಾಯ ಕೋನ ಆದ್ದರಿಂದ ಬಅಕ = ಡಕಅ. ಗಾಳಿಪಟ ಅಕ ಮೇಲೆ ಮಡಚಿದ್ರೆ ಸರಿಹೊಂದುತ್ತೆ, ಹಾಗಾಗಿ ಡಕಅ = ಬಕಅ. ಅಲ್ಲಿಗೆ ಬಅಕ = ಬಕಅ, ಅಬ = ಬಕ, ನಾಲ್ಕೂ ಬಾಹು ಸಮ. ಚಾರ್ಟ್‌ನಲ್ಲಿ ಎರಡು ಗೆರೆ ವಜ್ರಾಕೃತಿಯಲ್ಲಿ ಸೇರೋದಕ್ಕೆ ಇದೇ ಕಾರಣ.

ಪದಕೋಶ_ಪುಟ (ಮೈಸೂರು):
ಮಕ್ಕಳು "ವರ್ಗ ಹೇಗೆ ಆಯತ ಆಗುತ್ತೆ" ಅಂತ ಕೇಳೋದರಲ್ಲಿ ತಪ್ಪು ಅವರದಲ್ಲ, ಪದದ್ದು. ಸಂಸ್ಕೃತದಲ್ಲಿ "ಆಯತ" ಅಂದ್ರೆ ಚಾಚಿದ್ದು, ಉದ್ದನೆಯದು. ಆಯತಾಕ್ಷಿ ಅಂತೀವಲ್ಲ, ಉದ್ದ ಕಣ್ಣಿನವಳು, ಅದೇ ಆಯತ. ಉದ್ದ ಅಂತ ಹೆಸರಿಟ್ಟು ಆಮೇಲೆ ನಾಲ್ಕೂ ಕಡೆ ಸಮ ಇರೋದನ್ನ ಅದರೊಳಗೆ ಸೇರಿಸ್ತೀವಿ. "ಲಂಬಕೋನ ಚತುರ್ಭುಜ" ಅಂದಿದ್ರೆ ಯಾರೂ ಕೇಳ್ತಿರಲಿಲ್ಲ.

ಡಬ್ಬ ಬೇರೆ ಬೇರೆ ಇರಬೇಕು ಅನ್ನೋ ಮೇಷ್ಟ್ರ ಪಕ್ಷಕ್ಕೂ ದೊಡ್ಡವರ ಬೆಂಬಲ ಇದೆ. ಯೂಕ್ಲಿಡ್ ಮೊದಲ ಪುಸ್ತಕದ 22ನೇ ವ್ಯಾಖ್ಯೆಯಲ್ಲಿ ಆಯತಕ್ಕೆ "ಲಂಬಕೋನ ಇದೆ, ಬಾಹುಗಳು ಸಮ ಅಲ್ಲ" ಅಂತಾನೆ, ವಜ್ರಾಕೃತಿಗೆ "ಬಾಹುಗಳು ಸಮ, ಲಂಬಕೋನ ಇಲ್ಲ" ಅಂತಾನೆ. ಅವನ ಪ್ರಕಾರ ವರ್ಗ ಎರಡರಲ್ಲೂ ಇಲ್ಲ. ನಮ್ಮ ಕಡೆ ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ಬಾಹುಗಳನ್ನ ಎಣಿಸಿ ಐದು ಬಗೆ ಮಾಡ್ತಾನೆ: ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ಅಲ್ಲಿ ಮುಖ್ಯ ಪ್ರಶ್ನೆ "ಎಷ್ಟು ಬಾಹು ಸಮ", "ಎಷ್ಟು ಜೊತೆ ಸಮಾಂತರ" ಅಲ್ಲ.

ಮಂಡ್ಯ_ಮೇಷ್ಟ್ರು:
ನೋಡಿ ಮತ್ತೆ. ನಾನು ಯೂಕ್ಲಿಡ್ ಪಾರ್ಟಿ.

ಮೂಲೆಮಟ್ಟ:
ನೀವು ಹೆಸರಿನ ಮೇಲೆ ಜಗಳ ಆಡ್ತಾ ಇರಿ, ಸೈಟ್‌ನಲ್ಲಿ ಕೆಲಸಕ್ಕೆ ಬರೋದು ಕರ್ಣ. 30×40 ಸೈಟಿಗೆ ಪಾಯ ಗುರುತು ಹಾಕುವಾಗ ನಾಲ್ಕು ಗೂಟ ಹೊಡೆದು 30, 40, 30, 40 ಅಳೆದು "ಸರಿ ಇದೆ" ಅಂತ ಸುಣ್ಣದ ಪುಡಿ ಎಳೆದುಬಿಡ್ತಾರೆ. ಅಷ್ಟರಿಂದ ಗೊತ್ತಾಗೋದು ಅದು ಸಮಾಂತರ ಚತುರ್ಭುಜ ಅಂತ ಮಾತ್ರ. ಕರ್ಣ ಎರಡೂ 50 ಅಡಿ ಬಂದ್ರೆ ಆಯತ.

ಒಂದು ಕರ್ಣ 48 ಬಂತು ಅಂತಿಟ್ಕೊಳ್ಳಿ. ಎರಡು ಕರ್ಣಗಳ ವರ್ಗಗಳ ಮೊತ್ತ ಯಾವಾಗಲೂ 2 × (900 + 1600) = 5000, ಹಾಗಾಗಿ ಇನ್ನೊಂದು ಸುಮಾರು 51 ಅಡಿ 11 ಇಂಚು. ವಿಸ್ತೀರ್ಣ 1200ರ ಬದಲು 1196 ಚದರಡಿ, ಕಾಗದದ ಮೇಲೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಮೂಲೆ 90 ಅಲ್ಲ, 85 ಚಿಲ್ಲರೆ ಡಿಗ್ರಿ, 30 ಅಡಿ ಗೋಡೆ ಕೊನೆಯಲ್ಲಿ ಎರಡೂವರೆ ಅಡಿ ಹತ್ರ ವಾಲಿರುತ್ತೆ. ಟೈಲ್ಸ್ ಹಾಕೋ ದಿನ ಬಣ್ಣ ಬಯಲಾಗುತ್ತೆ, ಗೋಡೆ ಉದ್ದಕ್ಕೂ ಓರೆ ತುಂಡು ಕತ್ತರಿಸ್ತಾ ಕೂರಬೇಕು.

ಇನ್ನೊಂದು: ಕರ್ಣ ಮಾತ್ರ ಅಳೆದ್ರೂ ಆಗಲ್ಲ. ಸಮದ್ವಿಬಾಹು ತ್ರಾಪಿಜ್ಯದ ಕರ್ಣಗಳೂ ಸಮವೇ. ಮೊದಲು ಎದುರುಬದುರು ಬದಿ, ಆಮೇಲೆ ಕರ್ಣ.

ಮೂವತ್ತು_ನಲ್ವತ್ತು:
3-4-5 ಹಾಕಿದ್ರೆ ಸಾಕಲ್ವಾ? ಮೇಸ್ತ್ರಿಗಳು ಹಾಗೇ ಮಾಡ್ತಾರೆ.

ಮೂಲೆಮಟ್ಟ:
ಮಾಡ್ತಾರೆ, ಆದ್ರೆ ಸಣ್ಣ ತ್ರಿಕೋನದಲ್ಲಿ ಆದ ತಪ್ಪು ದೂರ ಹೋದ ಹಾಗೆ ಬೆಳೆಯುತ್ತೆ. 3-4-5 ಅಡಿಯಲ್ಲಿ ಆ 5 ಅಡಿ ಅಳತೆ ಅರ್ಧ ಇಂಚು ತಪ್ಪಿದ್ರೆ 40 ಅಡಿ ಗೋಡೆಯ ಕೊನೆಗೆ 8 ಇಂಚು ಆಚೀಚೆ. 6-8-10 ಹಾಕಿದ್ರೆ ಅದೇ ಅರ್ಧ ಇಂಚಿಗೆ 4 ಇಂಚು. 30-40-50 ಪೂರ್ತಿ ಕರ್ಣ ಹಿಡಿದ್ರೆ ಒಂದು ಇಂಚೂ ಇಲ್ಲ. ಬಟ್ಟೆ ಟೇಪು ಬೇಡ, ಎಳೆದಷ್ಟೂ ಹಿಗ್ಗುತ್ತೆ. ಸ್ಟೀಲ್ ಟೇಪು, ಮಧ್ಯ ಜೋತು ಬೀಳದ ಹಾಗೆ ಬಿಗಿಯಾಗಿ ಹಿಡಿದು.

ಗುಂಟೆ_ಆಣೆ (ಮಂಡ್ಯ):
ಸೈಟ್‌ಗೆ ಅದು. ಗದ್ದೆ ಬದು ಯಾವುದು ಸಾ ನೆಟ್ಟಗಿರ್ತದೆ? ಎದುರುಬದುರು ಬದಿ ಕೂಡಿ ಅರ್ಧ ಮಾಡಿ ಗುಣಿಸಿಬುಟ್ರೆ ಆಯ್ತು ಅಂತವ್ರೆ. ಅದು ಆಯತಕ್ಕೆ ಮಾತ್ರ ಸರಿ. ಬೇರೆ ಎಲ್ಲದಕ್ಕೂ ಜಾಸ್ತಿನೇ ತೋರಿಸ್ತದೆ, ಕಮ್ಮಿ ಯಾವತ್ತೂ ತೋರ್ಸಲ್ಲ. ಕೊಳ್ಳೋನಿಗೇ ಲುಕ್ಸಾನು.

ಲೆಕ್ಕ ನೋಡಿ. ಸುತ್ತ ಕ್ರಮವಾಗಿ 60, 40, 50, 30 ಅಡಿ ತುಂಡು. ಸರಾಸರಿ ಲೆಕ್ಕ: 55 × 35 = 1925 ಚದರಡಿ. ಈಗ 60 ಮತ್ತು 30 ಸೇರೋ ಮೂಲೆಯಿಂದ ಎದುರು ಮೂಲೆಗೆ ಕರ್ಣ ಎಳೆದು ಎರಡು ತ್ರಿಕೋನ ಮಾಡಿ ಅಳೀರಿ. ಕರ್ಣ 50 ಇದ್ರೆ 992 + 715, ಅಂದ್ರೆ ಸುಮಾರು 1708. ಕರ್ಣ 70 ಇದ್ರೆ 1198 + 650, ಸುಮಾರು 1847. ಸುತ್ತಳತೆ ಅದೇ, ಬದಿ ಅವೇ, ವಿಸ್ತೀರ್ಣ ಬೇರೆ. ಗುಂಟೆಗೆ 1089 ಚದರಡಿ, ನಿಮ್ಮ ರೇಟಿಗೆ ಗುಣಿಸಿಕೊಳ್ಳಿ.

"ನಾಲ್ಕೂ ಕಡೆ 33 ಅಡಿ, ಒಂದು ಗುಂಟೆ" ಅನ್ನೋದೂ ಹಂಗೇ. ಮೂಲೆ 60 ಡಿಗ್ರಿ ವಾಲಿದ ವಜ್ರಾಕೃತಿ ಆದ್ರೆ 943 ಚದರಡಿ. ನೂರಾ ನಲವತ್ತಾರು ಅಡಿ ಗಾಳಿಗೆ ಹೋಯ್ತು.

ಶೃಂಗಬಿಂದು:
ಆ ನಾಲ್ಕು ಬದಿಗೆ ಅತಿ ಹೆಚ್ಚು ಅಂದ್ರೂ 1897. ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲೆ ಬಂದಾಗ ಮಾತ್ರ ಅಷ್ಟು ಸಿಗೋದು, ಆಗ ನಿಮ್ಮ ಕರ್ಣ ಹತ್ತಿರ ಹತ್ತಿರ 64 ಅಡಿ. ಸುತ್ತಳತೆಯ ಅರ್ಧ 90, ಅದರಿಂದ ಒಂದೊಂದು ಬಾಹು ಕಳೆದ್ರೆ 30, 50, 40, 60, ಗುಣಿಸಿ ವರ್ಗಮೂಲ. ಬ್ರಹ್ಮಗುಪ್ತ 628ರಲ್ಲೇ ಎರಡೂ ಹೇಳಿದ್ದಾನೆ: ಸರಾಸರಿ ಗುಣಿಸೋದು "ಸ್ಥೂಲ", ಈ ವರ್ಗಮೂಲದ್ದು "ಸೂಕ್ಷ್ಮ". 1925 ಅನ್ನೋದು ಆ ಬದಿಗಳಿಂದ ಯಾವ ಆಕಾರ ಮಾಡಿದ್ರೂ ಸಿಗದ ಜಮೀನು.

ಪದಕೋಶ_ಪುಟ:
ಸೂಕ್ಷ್ಮದ್ದೂ ಚಕ್ರೀಯ ಚತುರ್ಭುಜಕ್ಕೆ ಮಾತ್ರ ಸರಿ. ಕರ್ಣವನ್ನೋ ಲಂಬವನ್ನೋ ಹೇಳದೆ ಬರೀ ನಾಲ್ಕು ಬಾಹು ಕೊಟ್ಟು ವಿಸ್ತೀರ್ಣ ಕೇಳುವವನು ಪಿಶಾಚಿ ಅಂತ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ (1150) ಬೈದೇ ಬಿಡ್ತಾನೆ.

ಗುಂಟೆ_ಆಣೆ (ಮಂಡ್ಯ):
ಬ್ರೋಕರ್‌ಗೆ ಒಳ್ಳೆ ಹೆಸರು ಸಿಕ್ತು.

ಒಂದ್ನಿಮಿಷ:
ಕರ್ಣದ ಮಾತು ಬಂದಿದ್ದಕ್ಕೆ ಒಂದು ಪ್ರಶ್ನೆ. ಕರ್ಣಗಳು ಸಮ, ಒಂದಕ್ಕೊಂದು ಲಂಬ. ಆಕೃತಿ ಯಾವುದು?

ಮೂವತ್ತು_ನಲ್ವತ್ತು:
ವರ್ಗ.

ಒಂದ್ನಿಮಿಷ:
ಬಿದ್ರಿ. 10 ಸೆಂ.ಮೀ.ನ ಎರಡು ಕಡ್ಡಿ ಲಂಬವಾಗಿ ಇಡಿ. ಒಂದು 5-5 ಆಗಿ, ಇನ್ನೊಂದು 3-7 ಆಗಿ ಕತ್ತರಿಸಲಿ. ತುದಿ ಸೇರಿಸಿದ್ರೆ ಗಾಳಿಪಟ. 4-6, 3-7 ಅಂತ ಇಟ್ರೆ ಹೆಸರೇ ಇಲ್ಲದ ಚತುರ್ಭುಜ. "ಪರಸ್ಪರ ಅರ್ಧಿಸುತ್ತವೆ" ಅನ್ನೋದನ್ನ ಬಿಟ್ರೆ ಸಮಾಂತರ ಚತುರ್ಭುಜದ ಮನೆಗೇ ಪ್ರವೇಶ ಇಲ್ಲ. ಅರ್ಧಿಸಿದ್ರೆ ಸಮಾಂತರ ಚತುರ್ಭುಜ, ಅದರ ಜೊತೆ ಸಮ ಆದ್ರೆ ಆಯತ, ಲಂಬ ಆದ್ರೆ ವಜ್ರಾಕೃತಿ, ಮೂರೂ ಇದ್ರೆ ವರ್ಗ. ಎರಡು ಪೊರಕೆಕಡ್ಡಿ, ಒಂದು ರಬ್ಬರ್ ಬ್ಯಾಂಡ್ ಇದ್ರೆ ಇಡೀ ಪಾಠ ಮುಗೀತದೆ.

ಬರ್ಫಿ_ಕಟ್:
ವಿಷಯ ತಪ್ತಾ ಇದೀನಿ, ಕ್ಷಮಿಸಿ. ತಟ್ಟೆಯಲ್ಲಿ ಬರ್ಫಿ ವಜ್ರಾಕಾರಕ್ಕೆ ಕುಯ್ಯುವಾಗ ಕೆಲವು ಸಲ ತುಂಡು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬರುತ್ತಲ್ಲ, ಅದು ಯಾಕೆ?

ಶೃಂಗಬಿಂದು:
ವಿಷಯ ತಪ್ಪೇ ಇಲ್ಲ. ಮೊದಲು ನೆಟ್ಟಗೆ ಸಮಾಂತರ ಗೆರೆ, ಆಮೇಲೆ ಓರೆಯಾಗಿ ಸಮಾಂತರ ಗೆರೆ. ಏನೇ ಮಾಡಿದ್ರೂ ಸಮಾಂತರ ಚತುರ್ಭುಜ ಬರುತ್ತೆ. ವಜ್ರಾಕೃತಿ ಬರಬೇಕಾದ್ರೆ ಎರಡೂ ಸಾಲಿನ ಗೆರೆಗಳ ನಡುವಿನ ಅಂತರ ಒಂದೇ ಇರಬೇಕು, ಓರೆ ಎಷ್ಟಿದ್ರೂ ನಡೆಯುತ್ತೆ. ತಪ್ಪಾಗೋದು ಎಲ್ಲಿ ಅಂದ್ರೆ, ಓರೆ ಗೆರೆಗಳ ಅಂತರವನ್ನ ತಟ್ಟೆ ಅಂಚಿನ ಗುಂಟ ಅಳೀತಾರೆ. ಚಾಕುವಿನ ಗೆರೆಗೆ ಲಂಬವಾಗಿ ಅಳೀಬೇಕು. 60 ಡಿಗ್ರಿ ಓರೆಯಲ್ಲಿ 3 ಸೆಂ.ಮೀ. ಪಟ್ಟಿ ಬೇಕು ಅಂದ್ರೆ ಅಂಚಿನ ಮೇಲೆ 3.46ಕ್ಕೆ ಗುರುತು ಹಾಕಿ. ಅಂಚಿನಲ್ಲಿ ಉಳಿಯೋ ತ್ರಿಕೋನ, ತ್ರಾಪಿಜ್ಯದ ತುಂಡುಗಳು ಕುಯ್ದವರ ಪಾಲು.

ಮಂಡ್ಯ_ಮೇಷ್ಟ್ರು:
ಅದಕ್ಕೇ ಮೈಸೂರು ಪಾಕನ್ನ ಆಯತ ಕುಯ್ಯೋದು, ಏನೂ ಉಳಿಯಲ್ಲ.

ವಿಸಿ_ನಾಲೆ (ಮಂಡ್ಯ):
ಚಾರ್ಟ್‌ನಲ್ಲಿ "ಹೀಗಿದ್ರೆ ಸಮಾಂತರ ಚತುರ್ಭುಜ" ಅನ್ನೋ ಪಟ್ಟಿ ಬರೆಯೋದಾದ್ರೆ ಹುಷಾರು. ಒಂದೇ ಜೊತೆ ಬಾಹು ಸಮವೂ ಸಮಾಂತರವೂ ಇದ್ರೆ ಸಾಕು, ಸರಿ. ಒಂದು ಜೊತೆ ಸಮಾಂತರ, ಇನ್ನೊಂದು ಜೊತೆ ಸಮ ಅಂದ್ರೆ ಸಾಲದು, ಸಮದ್ವಿಬಾಹು ತ್ರಾಪಿಜ್ಯ ನುಸುಳುತ್ತೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ: "ಒಂದು ಜೊತೆ ಅಭಿಮುಖ ಬಾಹು ಸಮ, ಒಂದು ಜೊತೆ ಅಭಿಮುಖ ಕೋನ ಸಮ". ಕೇಳಿದ್ರೆ ನಿಜ ಅನ್ಸುತ್ತೆ, ಸುಳ್ಳು. ರಟ್ಟಿನಲ್ಲಿ 10, 10, 12 ಸೆಂ.ಮೀ. ತ್ರಿಕೋನ ಕತ್ತರಿಸಿ. 12ರ ಬದಿಯಲ್ಲಿ ಒಂದು ತುದಿಯಿಂದ 4 ಸೆಂ.ಮೀ.ಗೆ ಚುಕ್ಕಿ ಇಟ್ಟು ಮೇಲಿನ ಶೃಂಗದಿಂದ ಆ ಚುಕ್ಕಿಗೆ ಸೀಳಿ. ದೊಡ್ಡ ತುಂಡನ್ನ ಮಗುಚಿ, ಸೀಳಿದ ಅಂಚಿಗೇ ತಲೆಕೆಳಗಾಗಿ ಜೋಡಿಸಿ. ಸುತ್ತ ಬಾಹುಗಳು 10, 4, 10, 8. ಎದುರುಬದುರು 10 ಮತ್ತು 10 ಸಮ. ಮೊದಲ ತ್ರಿಕೋನದ ಎರಡು ಪಾದಕೋನಗಳು ಈಗ ಎದುರುಬದುರಾಗಿ ಕೂತಿವೆ, ಅವೂ ಸಮ. 4 ಮತ್ತು 8 ಸಮ ಅಲ್ಲ. ಚುಕ್ಕಿ ನಡುಮಧ್ಯ 6ಕ್ಕೆ ಇಟ್ರೆ ಮಾತ್ರ ಸಮಾಂತರ ಚತುರ್ಭುಜ (ಆಗಲೂ ಅದು ಆಯತ ಅಲ್ಲ).

ಮಂಡ್ಯ_ಮೇಷ್ಟ್ರು:
ಇದು ಚೆನ್ನಾಗದೆ. ರಟ್ಟು ಎರಡು ಬಣ್ಣದ್ದಾಗಿದ್ರೆ ಮಗುಚಿದ್ದು ಗೊತ್ತಾಗ್ತದೆ, ಇಲ್ದಿದ್ರೆ ಮಕ್ಳು ಬರೀ ತಿರುಗಿಸಿಬುಡ್ತವೆ.

ಚಾರ್ಟ್_ಹಾಳೆ:
ಈಗ ಹೀಗೆ ಮಾಡಿದೀನಿ. ತಲೆಬರಹದ ಕೆಳಗೇ "ಈ ಹಾಳೆಯಲ್ಲಿ ತ್ರಾಪಿಜ್ಯ ಎಂದರೆ ಕನಿಷ್ಠ ಒಂದು ಜೊತೆ ಬಾಹು ಸಮಾಂತರ" ಅಂತ ದಪ್ಪಕ್ಷರ. ಚತುರ್ಭುಜದಿಂದ ಎರಡು ಗೆರೆ: ತ್ರಾಪಿಜ್ಯ, ಗಾಳಿಪಟ. ತ್ರಾಪಿಜ್ಯದಿಂದ ಎರಡು: ಸಮದ್ವಿಬಾಹು ತ್ರಾಪಿಜ್ಯ, ಸಮಾಂತರ ಚತುರ್ಭುಜ. ಆಯತಕ್ಕೆ ಆ ಎರಡೂ ಕಡೆಯಿಂದ. ವಜ್ರಾಕೃತಿಗೆ ಸಮಾಂತರ ಚತುರ್ಭುಜ ಮತ್ತು ಗಾಳಿಪಟದಿಂದ. ಕೊನೆಗೆ ವರ್ಗ. ಪ್ರತಿ ಗೆರೆ ಮೇಲೆ ಹೊಸದಾಗಿ ಸೇರೋ ಒಂದೇ ಗುಣ ಬರೆದಿದೀನಿ. ಬಾಣದ ಗುರುತು ಕೆಳಗಿನಿಂದ ಮೇಲಕ್ಕೆ, "ಇದು ಅದೂ ಹೌದು" ಅಂತ ಓದೋ ಹಾಗೆ.

ಶೃಂಗಬಿಂದು:
ಚೆನ್ನಾಗಿದೆ. ಗಾಳಿಪಟದ ಪಕ್ಕ ಒಳಕ್ಕೆ ಮಡಚಿದ ಬಾಣದ ಮೊನೆ ಆಕಾರವನ್ನೂ ಒಂದು ಬರೀರಿ. ಅದಕ್ಕೂ ಎರಡು ಜೊತೆ ಪಕ್ಕದ ಬಾಹುಗಳು ಸಮ, ಆದ್ರೆ ಒಂದು ಕರ್ಣ ಆಕೃತಿಯ ಹೊರಗಡೆ ಬೀಳುತ್ತೆ. ಬೇಡ ಅಂದ್ರೆ "ಉಬ್ಬು ಚತುರ್ಭುಜಗಳು ಮಾತ್ರ" ಅಂತ ತಲೆಬರಹದಲ್ಲೇ ಹಾಕಿಬಿಡಿ.

ಚಾರ್ಟ್_ಹಾಳೆ:
ಹಾಕಿದೆ. ತಲೆಬರಹವೇ ಈಗ ಮೂರು ಸಾಲು.

ಮಂಡ್ಯ_ಮೇಷ್ಟ್ರು:
ಪರೀಕ್ಷೆ ಪೇಪರ್ ತಿದ್ದೋರ ಕೈಲಿರೋ ಉತ್ತರಪಟ್ಟೀಲಿ "ಮಾತ್ರ" ಇದ್ರೆ ಮಕ್ಳು ಏನ್ ಬರೀಬೇಕು, ಅದನ್ನೂ ಹೇಳ್ಬುಡಿ.

ಶೃಂಗಬಿಂದು:
ಉತ್ತರದ ಮೊದಲ ಸಾಲಿನಲ್ಲಿ ವ್ಯಾಖ್ಯೆ ಬರೆದು ಆಮೇಲೆ ಹೌದು/ಅಲ್ಲ ಬರೀಲಿ. ವ್ಯಾಖ್ಯೆಗೆ ತಕ್ಕ ಉತ್ತರ ಇದ್ರೆ ತಿದ್ದೋರಿಗೂ ಅಂಕ ಕತ್ತರಿಸೋದು ಕಷ್ಟ.

ಮಂಡ್ಯ_ಮೇಷ್ಟ್ರು:
ಅದು ಸರಿ. ಆದ್ರೂ ನನ್ ಬೋರ್ಡ್ ಮೇಲೆ ಹೊರಗೇ ಇರ್ತದೆ ಕಣ್ರೀ.

ಬರ್ಫಿ_ಕಟ್:
3.46 ಪ್ರಕಾರ ಗುರುತು ಹಾಕಿದೆ, ಎಲ್ಲಾ ತುಂಡೂ ಒಂದೇ ಸಮ ಬಂತು. ಅಂಚಿನ ತ್ರಾಪಿಜ್ಯ 11.